ಹೇಳುವವನಿಗೆ ಗಂಟೆ ಎರೆದದ್ದು

ಹೇಳದೆ ಏನೂ ಆಗದ ಊರೊಂದಿತ್ತು. ಏನೂ ಅಂದರೆ ಏನೂ ಇಲ್ಲ ಸ್ವಾಮಿ. ಬಾವಿಯ ಹಗ್ಗ ತಾನಾಗಿ ಇಳಿಯುತ್ತಿರಲಿಲ್ಲ, ಒಲೆ ತಾನಾಗಿ ಉರಿಯುತ್ತಿರಲಿಲ್ಲ, ಬಾಗಿಲು ಬಿರುಗಾಳಿಗೂ ಕದಲುತ್ತಿರಲಿಲ್ಲ. ಊರಿನ ನಡುವೆ ಒಂದು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಹೇಳುವವನು. ಅವನು ಹೇಳುತ್ತಿದ್ದ, ಊರು ಆಗುತ್ತಿತ್ತು.

"ಹಗ್ಗವೇ, ಇಳಿ. ಕೊಡವೇ, ಮುಳುಗು. ಕೊಡವೇ, ತುಂಬು. ಹಗ್ಗವೇ, ಏರು. ಕೊಡಗಳು ಮುಗಿಯುವ ತನಕ ಮತ್ತೆ ಹೀಗೆಯೇ."

ಕೊಡಗಳು ಮುಗಿಯುವ ತನಕ ಹಾಗೆಯೇ ಆಗುತ್ತಿತ್ತು.

"ಮೋಡವಿದ್ದರೆ, ಹಪ್ಪಳವೇ, ಒಳಗೆ ಬಾ. ಮೋಡವಿಲ್ಲದಿದ್ದರೆ ಅಲ್ಲೇ ಬಿದ್ದಿರು."

ಹಪ್ಪಳ ಮೋಡ ನೋಡಿ ಒಳಗೆ ಬರುತ್ತಿತ್ತು, ಇಲ್ಲವೇ ಅಲ್ಲೇ ಬಿದ್ದಿರುತ್ತಿತ್ತು. ಕೋಳಿ ಕೂಗುವುದರಿಂದ ಹಿಡಿದು ದೀಪ ಆರುವ ತನಕ ಊರಿನ ಇಡೀ ದಿನ ಅವನ ನಾಲಿಗೆಯ ಮೇಲೆ ಸಾಲಾಗಿ ನಿಂತಿರುತ್ತಿತ್ತು. ಮೊದಲು ಇದು, ಆಮೇಲೆ ಅದು, ಅದಾದ ಮೇಲೆ ಮತ್ತೊಂದು. ಹರೆಯದಲ್ಲಿ ಒಂದು ಸಲ, ಒಂದೇ ಒಂದು ಸಲ, "ತುಂಬು" ಅನ್ನುವ ಮಾತು ಬಿಟ್ಟುಬಿಟ್ಟಿದ್ದ. ಊರಿನ ಕೊಡಗಳೆಲ್ಲ ಬಾವಿಗಿಳಿದು, ನೀರಲ್ಲಿ ಮುಳುಗಿ, ಖಾಲಿಯಾಗಿಯೇ ಮೇಲೆ ಬಂದವು. ಅವತ್ತು ಊರಿಗೆ ಊರೇ ಮುಖ ತೊಳೆಯಲಿಲ್ಲ. ಅಂದಿನಿಂದ ಅವನು ಒಂದು ಮಾತು ಬಿಟ್ಟವನಲ್ಲ. ಮದುವೆ ಮನೆಯ ಅಡುಗೆಯನ್ನು, ಸೌದೆ ಒಡೆಯುವುದರಿಂದ ಎಲೆ ಎತ್ತುವವರೆಗೆ, ಒಂದೇ ಬೀಸಿನಲ್ಲಿ ಹೇಳಿ ಮುಗಿಸುತ್ತಿದ್ದ. ಜನ ಕಟ್ಟೆಯ ಮುಂದೆ ಹಾಯುವಾಗ ಹೆಗಲ ಮೇಲಿನ ವಸ್ತ್ರ ತೆಗೆದು ಕಂಕುಳಿಗೆ ಸೇರಿಸುತ್ತಿದ್ದರು.

ಹೆಂಡತಿಗೂ ಅವನು ಹೇಳುತ್ತಿದ್ದ. "ಏಳು. ಒಲೆ ಹಚ್ಚು. ಹಿಟ್ಟು ಕಲಸು. ತಟ್ಟು. ತಿರುವು. ಬಡಿಸು." ಅವಳು ಏಳುತ್ತಿದ್ದಳು, ಹಚ್ಚುತ್ತಿದ್ದಳು, ಕಲಸುತ್ತಿದ್ದಳು. ಸಂಸಾರವೆಂದರೆ ಇದೇ ಎಂದು ಅವನು ತಿಳಿದಿದ್ದ. ಅವನನ್ನು ಬೈಯಬೇಡಿ. ಕೆಟ್ಟವನಲ್ಲ, ಒಂದು ದಿನ ಅವಳ ಮೇಲೆ ಕೈ ಎತ್ತಿದವನಲ್ಲ. ಹೇಳುತ್ತಿದ್ದ, ಅಷ್ಟೆ.

ಆದರೆ ಊರು ಬೆಳೆಯಿತು. ಊರು ಬೆಳೆದ ಹಾಗೆ ಹೇಳುವುದೂ ಬೆಳೆಯಿತು, ಬಾಚಣಿಗೆ ಕಾಣದ ತಲೆಯ ಹಾಗೆ ಸಿಕ್ಕು ಸಿಕ್ಕಾಯಿತು. ಆ ಊರಿನಲ್ಲಿ ಯಾವ ಜಾಡಿಗೂ ಮುಚ್ಚಳವಿರಲಿಲ್ಲ, ಯಾವ ಕೋಣೆಗೂ ಚಿಲಕವಿರಲಿಲ್ಲ. ಯಾರು ಬೇಕಾದರೂ ಯಾವುದರೊಳಗೆ ಬೇಕಾದರೂ ಕೈ ಹಾಕಬಹುದಿತ್ತು. ಯಾರೋ ಪುಣ್ಯಾತ್ಮ ತನ್ನ ಬೀದಿಯಲ್ಲಿ ಉಪ್ಪಿನ ಜಾಡಿ ಸರಿಸಿದರೆ, ಊರಾಚೆ ಬಾಣಂತಿಯ ಹಂಡೆಗೆ ನೀರು ಬೀಳುತ್ತಿರಲಿಲ್ಲ. ಯಾಕೆ ಬೀಳಲಿಲ್ಲವೆಂದು ಹುಡುಕಲು ಹೋದವರು ಹುಡುಕುತ್ತಲೇ ಇರುತ್ತಿದ್ದರು. ಒಂದು ಮಳೆಗಾಲದಲ್ಲಿ ಹಾಗೆಯೇ ಒಂದು ಕೂಸು ಹೋಯಿತು. ಹಿರಿಯರು ಸೇರಿದರು, ಕೂತರು, ಎದ್ದರು. ಡಂಗುರದವನು ಬೀದಿ ಬೀದಿ ತಿರುಗಿದ.

"ಕೇಳ್ರಪ್ಪೋ ಕೇಳಿ! ಇನ್ನು ಮೇಲೆ ಯಾರ ಕೆಲಸ ಅವರ ಒಳಗೆ! ಬಾವಿ ಕೆಲಸ ಬಾವಿಗೆ ಗೊತ್ತು, ಒಲೆ ಕೆಲಸ ಒಲೆಗೆ ಗೊತ್ತು! ಯಾರೂ ಯಾರ ಹೊಸ್ತಿಲೂ ದಾಟಂಗಿಲ್ಲ, ಒಳಗೆ ಕೈ ಹಾಕಂಗಿಲ್ಲ, ಇಣುಕಂಗಿಲ್ಲ! ಹೊಸ್ತಿಲಲ್ಲಿ ಗಂಟೆ ಇರುತ್ತೆ. ಬೇಕಾದವರು ಬಾರಿಸಿ, ಬೇಕಾದ್ದು ತಗೊಳ್ಳಿ, ಹೆಂಗೆ ಅಂತ ಮಾತ್ರ ಕೇಳಬೇಡಿ! ಮನುಷ್ಯರಿಗೂ ಇದೇ ಕಟ್ಟು! ಗಂಟೆ ಇಲ್ಲದವರು ಬರೋ ಅಮಾಸೆ ಹೊತ್ತು ಮುಳುಗೋವಾಗ ಎಲ್ಲಿದ್ದಾರೋ ಅಲ್ಲೇ! ಕಣ್ಣು ಬಾಯಿ ಅವರದು, ಕೈಕಾಲು ಕದಲೋದಿಲ್ಲ!"

ಕೊನೆಯ ಮಾತು ಹೊಸ ಶಿಕ್ಷೆಯೇನೂ ಅಲ್ಲ. ಮಾತಿಲ್ಲದೆ ಏನೂ ಕದಲದ ಊರು ಅದು. ಇಷ್ಟು ಕಾಲ ಹೇಳುವವನಿದ್ದ, ಎಲ್ಲರೂ ಕದಲುತ್ತಿದ್ದರು. ಇನ್ನು ಗಂಟೆ ಬಾರಿಸಿ ಕೇಳುವವರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಊರ ಹೊರಗಿನ ಮಾವಿನ ಮರದಡಿ ಎರಕದಜ್ಜಿ ಮೂಸೆಯಲ್ಲಿ ಕಂಚು ಕಾಯಿಸಿ ಕೂತಳು. ಜನ ಸಾಲುಗಟ್ಟಿದರು. ಒಬ್ಬೊಬ್ಬರನ್ನೂ ಅವಳು ಒಂದೇ ಮಾತು ಕೇಳುತ್ತಿದ್ದಳು. "ನಿಂದೇನು?" ಸೂಲಗಿತ್ತಿ ಅಂದಳು, "ಹೆರಿಗೆ." ಅಜ್ಜಿ ಅಚ್ಚಿಗೆ ಕಂಚು ಹೊಯ್ದಳು, ಗಂಟೆ ಖಣ್ ಎಂದಿತು. ಕುಂಬಾರ ಅಂದ, "ಮಡಕೆ." ಖಣ್. ಒಬ್ಬ ಸೋಮಾರಿ ತಲೆ ಕೆರೆದುಕೊಂಡು, "ನಾನು ಚೆನ್ನಾಗಿ ನಗ್ತೀನಿ" ಅಂದ. ಅವನದೂ ಖಣ್ ಎಂದಿತು, ನಿಮ್ಮಾಣೆ! ಸುಳ್ಳು ಹೇಳಿದವರ ಗಂಟೆ ಮಾತ್ರ ಒಡೆದ ಹೆಂಚಿನ ಹಾಗೆ ಟಪ್ಪೆನ್ನುತ್ತಿತ್ತು. ದೀಪಗಳ ಗಂಟೆಗೆಲ್ಲ ಒಂದೇ ಅಚ್ಚು ಸಾಕಾಯಿತು. ಗಂಟೆ ಒಂದೇ ಅಚ್ಚಿನದಾದರೂ ಒಂದೊಂದು ದೀಪದ ಎಣ್ಣೆ ಒಂದೊಂದರದೇ. ಬಡಗಿಯ ಮಗ ಅಪ್ಪನ ಅಚ್ಚನ್ನೇ ತಂದ, ಅದರ ಮೇಲೆ ತನ್ನದೊಂದು ಚಿತ್ತಾರ ಕೆತ್ತಿಸಿಕೊಂಡು ಹೋದ.

ಹೇಳುವವನು ಹೋಗಲಿಲ್ಲ.

"ಇದೆಲ್ಲಾ ಕೂಸಾಟ" ಎಂದು ನಕ್ಕ. "ಹಗ್ಗಕ್ಕೇನು ಗೊತ್ತು, ಕೊಡಕ್ಕೇನು ಗೊತ್ತು? ನಾಳೆ ಬೆಳಗಾಗಲಿ, ಎಲ್ಲಾ ಬಂದು ಕಟ್ಟೆ ಮುಂದೆ ಬಾಯಿ ಬಿಡ್ತಾರೆ."

ಬೆಳಗಾಯಿತು. ಅವನು ಗಂಟಲು ಸರಿಮಾಡಿಕೊಂಡ. "ಹಗ್ಗವೇ, ಇಳಿ." ಹಗ್ಗ ಇಳಿಯಲಿಲ್ಲ. ಇನ್ನೊಮ್ಮೆ ಹೇಳಿದ, ಗಟ್ಟಿಯಾಗಿ ಹೇಳಿದ. ಕೊನೆಗೆ ಕಟ್ಟೆಯಿಂದ ಇಳಿದು ಬಾವಿಯ ಹತ್ತಿರವೇ ಹೋಗಿ ನಿಂತ.

"ನೀರು ಬೇಕಾ?" ಎಂದು ಬಾವಿ ಕೇಳಿತು.

"ಬೇಕು. ಮೊದಲು ಹಗ್ಗ ಇಳೀಬೇಕು, ಆಮೇಲೆ ಕೊಡ..."

"ಹಗ್ಗ ನನ್ನ ಹೊಟ್ಟೆ ಒಳಗಿನ ವಿಚಾರ. ನೀರು ಬೇಕೋ ಬೇಡ್ವೋ ಹೇಳಿ."

"ಬೇಕು ಅಂದ್ನಲ್ಲ! ಆದ್ರೆ ಕೊಡ ಮುಳುಗೋಕೆ ಮುಂಚೆ..."

"ಗಂಟೆ ಬಾರಿಸಿ ಯಜಮಾನ್ರೆ."

ಬಾರಿಸಿದ. ತುಂಬಿದ ಕೊಡ ಹೊಸ್ತಿಲಿಗೆ ಬಂದು ಕೂತಿತು. ಹೇಗೆ ಬಂತು? ಹಗ್ಗ ಮೊದಲು ಇಳಿಯಿತೋ, ಕೊಡ ಮೊದಲು ವಾಲಿತೋ? ತಡೆಯಲಾರದೆ ಬಗ್ಗಿ ಇಣುಕಿದ. ಬಾವಿ ದಡಾರನೆ ಬಾಯಿ ಮುಚ್ಚಿತು, ಮೂಗಿನ ತುದಿ ಕೂದಲೆಳೆಯಲ್ಲಿ ಉಳಿಯಿತು. ಕೊಡದ ನೀರು ತಣ್ಣಗಿತ್ತು, ಸಿಹಿಯಾಗಿತ್ತು. ಅವನಿಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಊರ ಬಾಗಿಲು ಕಾಯುವವನೊಬ್ಬನಿದ್ದ. ಹಿಂದೆ ಅವನಿಗೆ "ಹಿಡಿ, ಎಳೆ, ಇನ್ನಷ್ಟು ಎಳೆ, ಸಾಕು, ಬಿಡು" ಎಂದು ಬಿಡಿಸಿ ಬಿಡಿಸಿ ಹೇಳಬೇಕಾಗಿತ್ತು. ಇಂಥ ಮಂದಮತಿ ಈ ಸೀಮೆಯಲ್ಲೇ ಇಲ್ಲವೆಂದು ಹೇಳುವವನು ಅವನನ್ನು ಆಡಿಕೊಳ್ಳುತ್ತಿದ್ದ. ಈಗ ಆ ಬಾಗಿಲವನೇ ಹತ್ತಿರ ಬಂದು ಕೂತು ಗಿಣಿಗೆ ಹೇಳಿದ ಹಾಗೆ ಹೇಳಿದ.

"ಯಜಮಾನ್ರೆ, ತಪ್ಪು ತಿಳೀಬೇಡಿ. ನೀವು ಯಾವಾಗ್ಲೂ ಹೆಂಗೆ ಅನ್ನೋದರಲ್ಲೇ ಸಿಕ್ಕೊಂಡಿದ್ದೀರ. ಏನು ಬೇಕು ಅಂತ ಮಾತ್ರ ಕೇಳಿ. ಹೆಂಗೆ ಅನ್ನೋದು ಅವರ ಪಾಡು."

"ತಿಳೀತು" ಎಂದ ಹೇಳುವವನು.

"ಹಂಗಾದ್ರೆ ನನ್ನನ್ನ ಕೇಳಿ, ನೋಡೋಣ."

"ಕೈ ಚಾಚು. ಅಗಳಿ ಹಿಡಿ..."

ಬಾಗಿಲವನು ಕೂತೇ ಇದ್ದ. ಹೇಳುವವನು ತುಟಿ ಕಚ್ಚಿಕೊಂಡ. "ತಿಳಿಯುತ್ತಪ್ಪ. ತಲೆಗೆಲ್ಲ ತಿಳಿಯುತ್ತೆ. ಬಾಯಿಗೆ ಬರ್ತಿಲ್ಲ." ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದ ಹಾಗಾಗಿತ್ತು ಅವನ ಸ್ಥಿತಿ.

ಮರುದಿನ ಬಾಗಿಲವನು ಅವನನ್ನು ಬೆಳಗ್ಗೆಯೇ ಬೀದಿಗೆ ಕರೆದುಕೊಂಡು ಹೋದ. ಡಂಗುರದವನು ಬೀದಿಯ ನಡುವೆ ನಿಂತು ಒಂದೇ ಒಂದು ಮಾತು ಅಂದ. "ಏಳಿ." ಕೋಳಿ ರೆಕ್ಕೆ ಬಡಿದು ಎದ್ದಿತು. ಹೊಗೆ ಸುರುಳಿ ಸುತ್ತಿ ಎದ್ದಿತು. ಕೂಸು ಅಳುತ್ತ ಎದ್ದಿತು. ಸೋಮಾರಿ ಮಗ್ಗುಲು ಬದಲಿಸಿ, ಇನ್ನೊಂದು ಸಲ ಬದಲಿಸಿ, ಬೈದುಕೊಂಡು ಎದ್ದ. ಗುಡ್ಡದ ಹಿಂದೆ ಸೂರ್ಯ ಯಾರ ಹಂಗೂ ಇಲ್ಲದವನ ಹಾಗೆ ಎದ್ದ. ಮಾತು ಒಂದೇ, ಎದ್ದದ್ದು ಬೇರೆ ಬೇರೆ. ಇದೇ ಬೆಳಗನ್ನು ಎಬ್ಬಿಸಲು ಹೇಳುವವನಿಗೆ ಹಿಂದೆ ಎಷ್ಟು ಮಾತು ಬೇಕಾಗುತ್ತಿತ್ತು! ಕೋಳಿಯಾಗಿದ್ದರೆ ಹೀಗೆ, ಹೊಗೆಯಾಗಿದ್ದರೆ ಹಾಗೆ, ಕೂಸಾಗಿದ್ದರೆ ಇನ್ನೊಂದು ಹಾಗೆ. ಒಂದು ವಯಸ್ಸನ್ನೇ ಅದಕ್ಕೆ ಸವೆಸಿದ್ದ.

"ಯಾವುದು ಹೆಂಗೆ ಏಳಬೇಕು ಅಂತ ಯಾರು ಹೇಳಿದ್ರು ಇವಕ್ಕೆ?" ಎಂದು ಕೇಳಿದ.

"ಅವಕ್ಕೇ ಗೊತ್ತಿತ್ತು ಯಜಮಾನ್ರೆ."

"ಮೊದಲಿಂದಾನಾ?"

ಬಾಗಿಲವನು ಅವನ ಹೆಗಲ ಮೇಲೆ ಕೈಯಿಟ್ಟು ಮುಂದಕ್ಕೆ ನಡೆಸಿದ. ಒಳ್ಳೆಯವನು ಅವನು.

ಅಷ್ಟರಲ್ಲಿ ಹೆಂಡತಿಯೂ ಮಾವಿನ ಮರದಡಿಗೆ ಹೋಗಿ ಬಂದಿದ್ದಳು. ಮನೆಯ ಹೊಸ್ತಿಲಲ್ಲಿ ರೊಟ್ಟಿಯ ಗಂಟೆ ತೂಗುತ್ತಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಅದೇನೆಂದು ಅವನು ಕೇಳಲಿಲ್ಲ. ಗಡಿಗೆಯೋ ಮಡಿಕೆಯೋ ತೊಳೆಯುವುದಿರಬೇಕು ಅಂದುಕೊಂಡ. ಒಂದು ಮಧ್ಯಾಹ್ನ ಪಕ್ಕದ ಮನೆಯ ಮುದುಕಿ ಬಂದು ಆ ಗಂಟೆ ಬಾರಿಸಿದಳು. ಒಳಗಿನಿಂದ ಹಾಡು ಬಂತು. ಹೆಂಡತಿ ಹಾಡುತ್ತಿದ್ದಳು. ಅದು ದೊಡ್ಡ ದನಿಯಲ್ಲ, ಆದರೆ ಕೇಳಿದವರು ನಿಂತಲ್ಲೇ ನಿಲ್ಲುವಂಥದು. ಮುದುಕಿ ಕೇಳಿ ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು.

ಅವನು ಒಳಗೆ ಹೋಗಿ ನಿಂತ. "ಇದೆಲ್ಲಿತ್ತು?"

"ಒಳಗೇ ಇತ್ತು."

"ಇಷ್ಟು ವರ್ಷ ಹೇಳಲೇ ಇಲ್ವಲ್ಲ ನೀನು?"

"ಹೇಳೋ ಕೆಲಸ ನಿಮ್ದಲ್ವಾ?" ಎಂದಳು ಅವಳು. ಕೊಂಕಿರಲಿಲ್ಲ ಮಾತಿನಲ್ಲಿ. ಕೊಂಕಿದ್ದಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತು.

ಅವನು ಕೋಣೆಯ ಮೂಲೆಯಲ್ಲಿ ಕೂತು ಲೆಕ್ಕ ಹಾಕಿದ. ಏಳು ಅಂದಿದ್ದೆ, ಹಚ್ಚು ಅಂದಿದ್ದೆ, ಕಲಸು ಅಂದಿದ್ದೆ. ಹಾಡು ಅಂದಿರಲಿಲ್ಲ. ಅದಕ್ಕೇ ಅವಳು ಹಾಡಿರಲಿಲ್ಲ. ಎದೆಯೊಳಗೆ ಏನೋ ಕಿತ್ತು ಬಂದ ಹಾಗಾಯಿತು. ಹಾಗೆ ಆಗುವುದಕ್ಕೆ ಅವನು ಯಾವ ಮಾತನ್ನೂ ಹೇಳಿರಲಿಲ್ಲ, ಆದರೂ ಆಯಿತು.

ಅವತ್ತು ಅವನಿಗೆ ಮೊದಲ ಸಲ ಹೆದರಿಕೆ ಹತ್ತಿತು. ಚಂದ್ರ ದಿನದಿನಕ್ಕೆ ಸವೆಯುತ್ತಿದ್ದ. ಮರುದಿನ ಹೊತ್ತೇರುವ ಮುಂಚೆ ಎದ್ದು ಎರಕದಜ್ಜಿಯ ಮುಂದೆ ಹೋಗಿ ನಿಂತ. ಸಾಲು ಕರಗಿಹೋಗಿತ್ತು. ಉಳಿದವನು ಅವನೊಬ್ಬನೇ.

"ಬಾರಪ್ಪ" ಅಂದಳು ಅಜ್ಜಿ. "ನಿಂದೇನು?"

"ನೀರು" ಎಂದ. ಅಜ್ಜಿ ಹೊಯ್ದಳು. ಟಪ್.

"ನೀರು ಬಾವೀದು. ನಿಂದೇನು?"

"ರೊಟ್ಟಿ. ಹಿಟ್ಟು ಎಷ್ಟು, ಉಪ್ಪು ಎಷ್ಟು, ಹೆಂಚು ಎಷ್ಟು ಕಾಯಬೇಕು, ಎಲ್ಲಾ ಗೊತ್ತು ನನಗೆ."

"ಒಂದಾದ್ರೂ ತಟ್ಟಿದ್ದೀಯಾ?"

"ತಟ್ಟು ಅಂತ ಹೇಳಿದ್ದೀನಿ."

ಟಪ್. ಬೆಂಕಿ ಅಂದ, ಟಪ್. ನೇಯ್ಗೆ ಅಂದ, ಟಪ್. ಹೆರಿಗೆ ಅಂತಲೂ ಅಂದ ಪಾಪ, ಅದನ್ನೂ ಎಷ್ಟೋ ಸಲ ಹೇಳಿ ಮಾಡಿಸಿದ್ದ. ಟಪ್. ಅಜ್ಜಿಗೆ ಸಿಟ್ಟು ಬರಲಿಲ್ಲ. ಟಪ್ಪೆಂದದ್ದನ್ನೆಲ್ಲ ಮತ್ತೆ ಮೂಸೆಗೆ ಹಾಕಿ ಕರಗಿಸಿದಳು.

"ನಿಮ್ಮಪ್ಪನ ಅಚ್ಚಿಂದ ಹೊಯ್ಲಾ?" ಎಂದು ಕೇಳಿ, ಸತ್ತವರ ಅಚ್ಚುಗಳನ್ನೂ ಕೂಡಿಟ್ಟಿದ್ದ ಗೋಣಿಯಲ್ಲಿ ತಡಕಿ ಒಂದು ಅಚ್ಚು ತೆಗೆದಳು. ಅವನ ಅಪ್ಪನೂ ಅದೇ ಕಟ್ಟೆಯ ಮೇಲೆ ಕೂತು ಹೇಳಿದವನೇ. ಅಚ್ಚನ್ನು ಬಿಸಿಲಿಗೆ ಹಿಡಿದು ಇಬ್ಬರೂ ನೋಡಿದರು. ಒಂದು ತೆರೆದ ಬಾಯಿ ಇತ್ತು. ಬಾಯಿಯ ಹಿಂದೆ ಏನೂ ಇರಲಿಲ್ಲ.

"ಈ ಊರಿನ ಒಂದೊಂದು ಕೆಲಸ ಹೆಂಗಾಗುತ್ತೆ ಅಂತ ನನಗೆ ಗೊತ್ತು ಅಜ್ಜಿ" ಎಂದ ಅವನು. "ನನ್ನಷ್ಟು ತಿಳಿದೋರು ಇನ್ನೊಬ್ಬರಿಲ್ಲ."

"ಹೌದಪ್ಪ, ಇಲ್ಲ. ಅದಕ್ಕೇ ನನಗೂ ಸಂಕಟ."

ಇಲ್ಲಿ ಕೇಳಿ ಅವನು ಮಾಡಿದ ಕೆಲಸ. ಇಂಥದ್ದು ಹೇಳಿ ಹೇಳಿ ಪಳಗಿದವನ ತಲೆಗೆ ಮಾತ್ರ ಹೊಳೆಯುವಂಥದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಮನೆಗೆ ಬರುವ ದಾರಿಯಲ್ಲಿ ಅವನು ಥಟ್ಟನೆ ನಿಂತ, ತೊಡೆ ತಟ್ಟಿಕೊಂಡ. ಒಂದೊಂದು ಕೆಲಸಕ್ಕೆ ಒಂದೊಂದು ಗಂಟೆ ತಾನೆ? ನನ್ನಲ್ಲಿ ಎಲ್ಲಾ ಕೆಲಸವೂ ಇದೆ. ಹಾಗಾದರೆ ನನಗೆ ಎಲ್ಲವೂ ಇರುವ ಒಂದೇ ಗಂಟೆ!

ಓಡಿದ. "ಅಜ್ಜೀ, 'ಎಲ್ಲವೂ' ಅಂತ ಹೊಯ್ಯಿ."

ಅಜ್ಜಿ ಅವನ ಮುಖ ನೋಡಿದಳು. ಬೇಡವೆನ್ನಲು ಅವಳಿಗೆ ಅಧಿಕಾರವಿಲ್ಲ, ಕೇಳಿದ್ದನ್ನು ಹೊಯ್ಯುವುದು ಅವಳ ಕೆಲಸ. ಊರಿನ ಕಂಚೆಲ್ಲ ಸಾಲಲಿಲ್ಲ. ಜನ ಒಳ್ಳೆಯವರು, ತಟ್ಟೆ ಚೊಂಬು ತಂದು ಕೊಟ್ಟರು. ಕುಂಬಾರ ಕೈಕಡಗ ಬಿಚ್ಚಿಕೊಟ್ಟ. ಅಚ್ಚಿನೊಳಗೆ ಹೇಳುವವನು ಬಾಯಿಟ್ಟು, ಕೋಳಿ ಕೂಗುವುದರಿಂದ ದೀಪ ಆರುವ ತನಕ ತನ್ನ ಸಾಲುಗಳನ್ನೆಲ್ಲ ಸುರಿದ. ಆನೆಯಷ್ಟು ದೊಡ್ಡ ಗಂಟೆಯಾಯಿತು. ಕಟ್ಟೆಯ ಮುಂದೆ ತೊಲೆ ನೆಟ್ಟು ತೂಗುಹಾಕಿದರು. ಅಜ್ಜಿ ಕಡ್ಡಿಯಿಂದ ಮುಟ್ಟಿ ನೋಡಿದಳು. ಅದು ಖಣ್ಣೆನ್ನಲಿಲ್ಲ, ಟಪ್ಪೆನ್ನಲೂ ಇಲ್ಲ, ಗೂಂ ಎಂದಿತು. ಗೂಂ ಅಂದರೇನೆಂದು ಯಾರಿಗೂ ಗೊತ್ತಿರಲಿಲ್ಲ. ಕೂಡಿಬಂತು ಅಂದುಕೊಂಡ ಅವನು. ಅವತ್ತು ಮನೆಯಲ್ಲಿ ಹೊಟ್ಟೆ ತುಂಬ ಉಂಡ. ಎದುರಿಗೆ ಕೂತಿದ್ದ ಹೆಂಡತಿಯೂ ನಕ್ಕಳು.

ಮೊದಲು ಬಂದವಳು ಸೂಲಗಿತ್ತಿ. ಅವಳು ಮನೆಮನೆಯ ಹಂಡೆಯ ಗಂಟೆ ಬಾರಿಸಬಹುದಿತ್ತು. ಆದರೆ ಯಜಮಾನರಿಗೊಂದು ಮರ್ಯಾದೆ ಎಂದು, ಬೇಕೆಂತಲೇ ಇಲ್ಲಿಗೆ ಬಂದಳು. ಹಗ್ಗ ಜಗ್ಗಿ, "ಬಿಸಿನೀರು ಕೊಡಿ ಯಜಮಾನ್ರೆ, ಹುಡುಗಿ ನೋವು ತಿನ್ತಿದ್ದಾಳೆ" ಅಂದಳು.

ಗೂಂ.

ಹೇಳುವವನು ಕಣ್ಣುಮುಚ್ಚಿದ. "ಕೋಳಿಯೇ, ಕೂಗು. ಕೂಗಿದ ಮೇಲೆ, ಬಾಗಿಲೇ, ತೆರೆ. ಹಗ್ಗವೇ, ಇಳಿ..." ಅವನ ಸಾಲಿನಲ್ಲಿ ಬಿಸಿನೀರು ಬರುವುದು ಕೋಳಿ ಕೂಗಿ, ಬಾಗಿಲು ತೆರೆದು, ಕೊಡ ತುಂಬಿ, ಸೌದೆ ಒಡೆದು, ಹಂಡೆ ಬೆಳಗಿದ ಮೇಲೆ. ನಡುವೆ ಶುರುಮಾಡುವುದು ಅವನಿಗೆ ತಿಳಿಯದು. ಹೇಳಿದರೂ ಕೇಳುವವರು ಯಾರು? ಕೋಳಿ ತನ್ನ ಗೂಡಿನೊಳಗೆ, ಹಗ್ಗ ಬಾವಿಯ ಹೊಟ್ಟೆಯೊಳಗೆ. ಒಂದೂ ಕದಲಲಿಲ್ಲ. ಒಂದು ಆಗದೆ ಇನ್ನೊಂದಕ್ಕೆ ಹೋಗುವ ಅಭ್ಯಾಸ ಅವನಿಗಿಲ್ಲ, ಮೊದಲಿಗೇ ಮರಳಿದ. "ಕೋಳಿಯೇ, ಕೂಗು." ಸೂಲಗಿತ್ತಿ ಸ್ವಲ್ಪ ಹೊತ್ತು ಕಾದಳು, ಕಾಲು ಬದಲಿಸಿದಳು, ಆಮೇಲೆ ಸದ್ದು ಮಾಡದೆ ಹೋಗಿ ಪಕ್ಕದ ಹಂಡೆಯ ಗಂಟೆ ಬಾರಿಸಿದಳು. ಮಗು ಹುಟ್ಟಿತು, ಅತ್ತಿತು, ಹಾಲು ಕುಡಿದು ನಿದ್ದೆ ಹೋಯಿತು. ಇವನು ಇನ್ನೂ ಕೋಳಿ ಕೂಗಿಸುತ್ತಿದ್ದ.

ಹೆಂಡತಿ ಬಂದು ತೋಳು ಅಲುಗಿಸಿದಳು. "ಸಾಕು ಬಿಡಿ. ಹೆಣ್ಣು ಮಗುವಂತೆ. ಚೆನ್ನಾಗಿದೆಯಂತೆ."

ಅವನು ಕಣ್ಣು ತೆರೆದು ಸುತ್ತ ನೋಡಿದ. ಯಾರೂ ನಗುತ್ತಿರಲಿಲ್ಲ. ನಕ್ಕಿದ್ದರೆ ಎದ್ದು ಜಗಳವನ್ನಾದರೂ ಆಡುತ್ತಿದ್ದ. ಜನ ನೆಲ ನೋಡುತ್ತಿದ್ದರು. ಆ ಗಂಟೆಯನ್ನು ಇಳಿಸಿ, ಕರಗಿಸಿ, ಅವರವರ ತಟ್ಟೆ ಚೊಂಬು ಅವರವರಿಗೆ ಮಾಡಿಕೊಟ್ಟಳು ಎರಕದಜ್ಜಿ.

ಅಮಾವಾಸ್ಯೆ ಬಂದೇಬಿಟ್ಟಿತು.

ಹೊತ್ತು ಇಳಿಯುವಾಗ ಅವನು ಕಟ್ಟೆಯ ಮೇಲೆ ಹೋಗಿ ಕೂತ. ಇನ್ನೆಲ್ಲಿ ಕೂರಬೇಕೆಂದು ಅವನಿಗೆ ತೋಚಲಿಲ್ಲ. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು. ಆ ಕಟ್ಟೆಯನ್ನು ಅವಳು ಅದುವರೆಗೆ ಹತ್ತಿದ್ದಿಲ್ಲ.

"ಒಂದಾದ್ರೂ ಇರ್ಬೇಕಲ್ಲ ರೀ" ಎಂದಳು. "ನೆನಪು ಮಾಡ್ಕೊಳ್ಳಿ. ಚಿಕ್ಕೋರಿದ್ದಾಗ ಏನಾದ್ರೂ? ಬುಗುರಿ ಆಡ್ತಿದ್ರಾ?"

"ಬುಗುರಿಗೆ ಹೇಳ್ತಿದ್ದೆ."

"ಈಜು?"

"ಕೈಗೆ ಹೇಳ್ತಿದ್ದೆ, ಕಾಲಿಗೆ ಹೇಳ್ತಿದ್ದೆ."

 ಅವಳು ಅವನ ಕಡೆ ತಿರುಗಿ ಕೂತು, ಗುಟ್ಟು ಹೇಳುವವಳ ಹಾಗೆ ಕೇಳಿದಳು. "ನನಗೆ ನೀರು ಕೊಡ್ತೀರಾ? ಬಾಯಾರಿದೆ. ನಿಜವಾಗ್ಲೂ ಬಾಯಾರಿದೆ."

ಅವನ ಬಾಯಿ ತೆರೆಯಿತು. "ಹಗ್ಗವೇ..." ಎಂದಿತು. ಮುಚ್ಚಿತು. "ನನ್ನ ಕೈಲಾಗಲ್ಲ ಕಣೇ."

"ಅಯ್ಯೋ ನನ್ನ ದೇವರೇ! ಊರಿಗೆಲ್ಲ ಹೇಳಿ ಹೇಳಿ, ನಿಮಗೆ ಅಂತ ಒಳಗೆ ಏನೂ ಇಟ್ಕೊಳ್ಳಲೇ ಇಲ್ವಲ್ರೀ!" ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ಅವಳು ಮುಚ್ಚಿಡಲಿಲ್ಲ.

ಮೊದಲು ಹೆಬ್ಬೆರಳು ಹೋಯಿತು. ಆಮೇಲೆ ಪಾದ. ಹೋಗುವುದಕ್ಕೂ ಒಂದು ಸಾಲಿತ್ತು, ಅದು ಅವನಿಗೆ ಚೆನ್ನಾಗಿಯೇ ಅರ್ಥವಾಯಿತು. "ಬಲಗಾಲೇ, ಏಳು" ಎಂದ. ಬಲಗಾಲು ಏಳಲಿಲ್ಲ. "ಬಲಗಾಲೇ, ನಿನ್ನ ದಮ್ಮಯ್ಯ ಅಂತೀನಿ, ಏಳು." ಏಳಲಿಲ್ಲ. ಆಗ ಹೆಂಡತಿ ಕಟ್ಟೆಯಿಂದ ಧುಮುಕಿ ಅವನ ಎದುರು ನಿಂತಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಅವನದೇ ರಾಗದಲ್ಲಿ, ಅವನದೇ ಏರಿಳಿತದಲ್ಲಿ ಶುರುಮಾಡಿದಳು. "ಬಲಗಾಲೇ, ಏಳು. ಬಲಗಾಲೇ, ಮುಂದೆ ಬಾ. ಬಲಗಾಲೇ, ಊರು. ಎಡಗಾಲೇ, ಏಳು. ಮನೆ ಮುಟ್ಟುವ ತನಕ ಮತ್ತೆ ಹೀಗೆಯೇ." ಒಂದು ಮಾತು ಬಿಡಲಿಲ್ಲ ಅವಳು. ನಡುವೆ ಮೆಟ್ಟಿಲಿದ್ದರೆ ಏನು ಮಾಡಬೇಕು, ಕಲ್ಲಿದ್ದರೆ ಹೇಗೆ ಬಳಸಬೇಕು, ಎಲ್ಲಾ ಹೇಳಿದಳು. ಅವನು ಬೆರಗಾಗಿ ಕೇಳಿದ. ಅವನ ಅಷ್ಟೂ ಸಾಲು ಅವಳಿಗೆ ಬಾಯಿಪಾಠವಾಗಿತ್ತು. ತನಗಿಂತ ಚೆನ್ನಾಗಿ ಹೇಳುತ್ತಾಳಲ್ಲ ಅನ್ನಿಸಿತು. ಕಾಲು ಮಾತ್ರ ಕದಲಲಿಲ್ಲ. ಹೇಳಿದರೆ ಆಗುವ ಕಾಲ ಕಳೆದುಹೋಗಿತ್ತು.

ಅವಳ ದನಿ ಒಡೆಯಿತು. ಮತ್ತೆ ಹತ್ತಿ ಪಕ್ಕದಲ್ಲಿ ಕೂತಳು.

"ನನಗೆ ಭಯ ಆಗ್ತಿದೆ" ಎಂದ ಅವನು.

ಇಂಥ ಮಾತು ಅವನ ಬಾಯಿಂದ ಎಂದೂ ಬಂದಿರಲಿಲ್ಲ. ಇದು ಯಾರಿಗೂ ಏನನ್ನೂ ಮಾಡಲು ಹೇಳುವ ಮಾತಲ್ಲ. ಇದರ ಮುಂದೆ ಇನ್ನೊಂದು ಮಾತಿಲ್ಲ, ಹಿಂದೆಯೂ ಇಲ್ಲ. ಅವಳು ಅವನ ಕೈ ಹಿಡಿದುಕೊಂಡಳು. ಹಿಡಿದದ್ದು ಅವನಿಗೆ ಕಣ್ಣಿಗೆ ಕಂಡಿತು, ಕೈಗೆ ತಿಳಿಯಲಿಲ್ಲ. ಕೈ ಆಗಲೇ ಹೋಗಿತ್ತು.

"ಇದನ್ನ ಮುಂಚೆ ಹೇಳಬಾರದಿತ್ತಾ" ಎಂದಳು ಮೆಲ್ಲಗೆ.

"ಹೀಗೂ ಹೇಳಬಹುದು ಅಂತ ಮುಂಚೆ ಗೊತ್ತಿರಲಿಲ್ಲ."

ಆಗ ಮನೆಯ ಹೊಸ್ತಿಲಲ್ಲಿ ರೊಟ್ಟಿಯ ಗಂಟೆ ಖಣ್ ಎಂದಿತು. ಯಾರೋ ಹಸಿದು ಬಂದಿದ್ದರು. ಗಂಟೆ ಬಾರಿಸಿದ ಮೇಲೆ ಹೋಗದೆ ಇರುವಂತಿಲ್ಲ, ಕಟ್ಟು ಕಟ್ಟೇ. ಅವಳ ಕಾಲು ಆಗಲೇ ಕಟ್ಟೆಯ ಅಂಚಿಗೆ ಜಾರಿತ್ತು. "ಕೂತ್ಕೋ" ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿ ಪ್ರಯೋಜನವಿಲ್ಲವೆಂದು ಅವನಿಗೆ ಗೊತ್ತಿತ್ತು. ನಾಲಿಗೆ ಹುಡುಕಿತು, ತಡವರಿಸಿತು.

"ಕೂತಿರ್ತೀಯಾ?" ಎಂದ.

ಹುಟ್ಟಿದ ಮೇಲೆ ಒಬ್ಬರಿಗೆ ಹೇಳುವ ಬದಲು ಅವನು ಕೇಳಿಕೊಂಡದ್ದು ಅದೇ ಮೊದಲು. ಇಲ್ಲ ಅನ್ನಬಹುದೆಂದು ಗೊತ್ತಿದ್ದೂ ಕೇಳಿಕೊಂಡದ್ದು ಮೊದಲ ಸಲ. ಅವಳು ಅವನನ್ನೇ ನೋಡಿದಳು. ಅಷ್ಟು ಹೊತ್ತು ಯಾರೂ ಅವನನ್ನು ಹಾಗೆ ನೋಡಿದ್ದಿಲ್ಲ.

"ಇರ್ಬೇಕು ಅಂತಾನೇ ಇದೆ ಕಣ್ರೀ" ಎಂದಳು.

ಗಂಟೆ ಮತ್ತೆ ಖಣ್ ಎಂದಿತು.

"ರೊಟ್ಟಿ ಕೊಟ್ಟು ಬರ್ತೀನಿ" ಎಂದು ಇಳಿದು ನಡೆದಳು. ಬೀದಿಯ ತಿರುವಿನಲ್ಲಿ ಒಂದು ಸಲ ಹಿಂದಕ್ಕೆ ನೋಡಿದಳು, ಆಮೇಲೆ ಕಾಣಲಿಲ್ಲ.

ಹೊತ್ತು ಮುಳುಗಿತು. ಹೇಳುವವನು ಆ ತಿರುವನ್ನೇ ನೋಡುತ್ತ ಕೂತ. ಬರುತ್ತಾಳೆ ಅಂದುಕೊಂಡ. ಬಾಯಿ ತನ್ನ ಪಾಡಿಗೆ ತಾನು ಸಾಲು ಹಿಡಿಯಿತು. ಹೆಂಚೇ, ಇಳಿ. ಒಲೆಯೇ, ಆರು. ಬಾಗಿಲೇ, ತೆರೆ. ಅವನು ಹಲ್ಲು ಕಚ್ಚಿ ಅದನ್ನು ನಿಲ್ಲಿಸಿದ. ತಿರುವಿನಲ್ಲಿ ಯಾರೋ ಬಂದರು. ಅವಳಲ್ಲ. ಕಟ್ಟೆಯ ಮುಂದೆ ಹಾದು ಹೋದರು, ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಬ್ಬರು ಬಂದರು. ಅವರೂ ಅವಳಲ್ಲ.